ಪರೀಕ್ಷೆಗೆ ಔಷಧಶಾಸ್ತ್ರ ಓದುತ್ತಿದ್ದೇನೆ, ಕೈಯಲ್ಲಿರುವ ಮಾತ್ರೆಯೇ ಅರ್ಥವಾಗುತ್ತಿಲ್ಲ

ಹೊಸ ಕೈ

ನಮಸ್ಕಾರ ಎಲ್ಲರಿಗೂ. ಹಿರಿಯರ ಆರೈಕೆ ಕೇಂದ್ರವೊಂದರಲ್ಲಿ ಕೆಲಸಕ್ಕೆ ಸೇರಿ ಎಂಟು ತಿಂಗಳಾಯಿತು. ಸ್ನಾನ, ಊಟ, ನಡೆಸುವುದು, ಹಾಸಿಗೆ ಬದಲಿಸುವುದು ಎಲ್ಲ ಕೈಗೆ ಹತ್ತಿದೆ. ಈಗ ಮಾತ್ರೆ ಕೊಡುವ ತರಬೇತಿ ನಡೆಯುತ್ತಿದೆ. ಹಿರಿಯ ನರ್ಸ್ ಪಕ್ಕದಲ್ಲಿ ನಿಂತಿರುತ್ತಾರೆ, ನಾನು ಟ್ರೇ ಹಿಡಿದು ಕೊಡುತ್ತೇನೆ.

ನನ್ನ ಕಷ್ಟ ಪುಸ್ತಕದ್ದು. ಮೊದಲ ಅಧ್ಯಾಯದಿಂದಲೇ ರಿಸೆಪ್ಟರ್, ಅಗೊನಿಸ್ಟ್, ಆಂಟಗೊನಿಸ್ಟ್. ರಾತ್ರಿ ಕೂತು ಉರು ಹೊಡೆಯುತ್ತೇನೆ, ಬೆಳಿಗ್ಗೆ ಏಳುವಷ್ಟರಲ್ಲಿ ತಲೆ ಖಾಲಿ. ಟ್ರೇಯಲ್ಲಿರುವ ಮಾತ್ರೆಗೂ ರಾತ್ರಿ ಓದಿದ್ದಕ್ಕೂ ಸಂಬಂಧವೇ ಇಲ್ಲ ಅನ್ನಿಸುತ್ತದೆ. ನೀವೆಲ್ಲ ಹೇಗೆ ಕಲಿತಿರಿ?

ಇನ್ನೊಂದು ವಿಷಯ. ಹೇಳಲೋ ಬೇಡವೋ ಅಂತ ಎರಡು ದಿನ ಒದ್ದಾಡಿದೆ. ಮೊನ್ನೆ ಬೆಳಿಗ್ಗೆ ಕಿಟಕಿ ಪಕ್ಕದ ಮಂಚದ ಅಜ್ಜಿಗೆ ಒಂದು ಹೆಸರು ಹೇಳಿ, "ನೀವೇ ಅಲ್ವಾ?" ಅಂದೆ. "ಹೂಂ" ಅಂದರು. ಮಾತ್ರೆ ಅಂಗೈಗೆ ಹಾಕಿದೆ. ನೀರಿನ ಲೋಟ ಎತ್ತಿಕೊಳ್ಳುವಾಗ ಅವರ ಕಿವಿಯ ಮಷೀನ್ ಮೇಜಿನ ಮೇಲೆ ಕಾಣಿಸಿತು. ಹಾಕಿಕೊಂಡೇ ಇರಲಿಲ್ಲ. ನಾನು ಏನು ಕೇಳಿದೆ ಅಂತಲೇ ಅವರಿಗೆ ಗೊತ್ತಿಲ್ಲ, ನನ್ನ ಮುಖ ನೋಡಿ ಹೂಂ ಅಂದಿದ್ದಾರೆ. ಆ ಹೆಸರಿನವರು ಪಕ್ಕದ ಮಂಚದಲ್ಲಿ ನಿದ್ದೆಯಲ್ಲಿದ್ದರು. ಅಂಗೈಯಲ್ಲಿದ್ದದ್ದು ಗ್ಲಿಬೆನ್‌ಕ್ಲಮೈಡ್. ಈ ಅಜ್ಜಿಗೆ ಶುಗರ್ ಇಲ್ಲವೇ ಇಲ್ಲ.

ಮಾತ್ರೆ ವಾಪಸ್ ತೆಗೆದುಕೊಂಡೆ. ನರ್ಸ್ ಆಗ ಫೋನ್ ಬಂತು ಅಂತ ಹೊರಗೆ ಹೋಗಿದ್ದರು. ಯಾರೂ ನೋಡಲಿಲ್ಲ. ಯಾರಿಗೂ ಹೇಳಿಲ್ಲ. ಇವತ್ತಿಗೂ ಟ್ರೇ ಹಿಡಿದರೆ ಕೈ ಬೆವರುತ್ತದೆ.

ಹಳೇ ಸಿಸ್ಟರ್

ತಂಗಿ, ಮೊದಲು ಉಸಿರು ಬಿಡು. ಮಾತ್ರೆ ಹೊಟ್ಟೆಗೆ ಹೋಗಿಲ್ಲ. ಹೋಗಿದ್ದರೆ ಏನಾಗುತ್ತಿತ್ತು ಅನ್ನುವುದೂ ನಿನಗೆ ಗೊತ್ತಿರಲಿ. ಗ್ಲಿಬೆನ್‌ಕ್ಲಮೈಡ್ ಪ್ಯಾಂಕ್ರಿಯಾಸ್‌ನಿಂದ ಇನ್ಸುಲಿನ್ ಹೊರಡಿಸುತ್ತದೆ. ಊಟ ಮಾಡಿದ್ದಾರೋ ಇಲ್ಲವೋ ನೋಡುವುದಿಲ್ಲ. ಪರಿಣಾಮ 24 ಗಂಟೆವರೆಗೂ ಎಳೆಯಬಹುದು. ಶುಗರ್ ಇಲ್ಲದ ವಯಸ್ಸಾದವರಿಗೆ ಬಿದ್ದರೆ ಬೆವರು, ನಡುಕ, ತಬ್ಬಿಬ್ಬು, ಆಮೇಲೆ ಎಚ್ಚರವೇ ತಪ್ಪುವುದು. ಒಂದು ಸಲ ಗ್ಲೂಕೋಸ್ ಕೊಟ್ಟು ಏರಿಸಿದರೂ ಮತ್ತೆ ಇಳಿಯುತ್ತದೆ. ಅದಕ್ಕೇ ಒಂದು ದಿನವಾದರೂ ಕಣ್ಣಿಟ್ಟು ನೋಡಬೇಕಾಗುತ್ತದೆ.

ನೋಡಿದೆಯಾ, ಈ ಒಂದು ಮಾತ್ರೆ ನಿನಗೆ ಇನ್ನು ಜನ್ಮದಲ್ಲಿ ಮರೆಯುವುದಿಲ್ಲ. ಪುಸ್ತಕದ ಅಧ್ಯಾಯದಲ್ಲಿ ಓದಿದ್ದರೆ ಬೆಳಿಗ್ಗೆ ಹಾರಿಹೋಗುತ್ತಿತ್ತು.

ಹೆಸರು ಕೇಳುವ ರೀತಿ ಬದಲಿಸಿಕೋ. "ನೀವು ಇಂಥವರಲ್ವಾ" ಅಂತ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ, ಪಾಪ, ನಮ್ಮನ್ನು ನೋಯಿಸಬಾರದು ಅಂತ. "ನಿಮ್ಮ ಪೂರ್ತಿ ಹೆಸರು ಹೇಳಿ, ಹುಟ್ಟಿದ ದಿನ ಹೇಳಿ" ಅನ್ನು. ಹೇಳಲಾಗದವರಿಗೆ ಕೈಪಟ್ಟಿ ಅಥವಾ ಚಾರ್ಟಿನ ಫೋಟೋ. ಮಂಚದ ನಂಬರ್ ಗುರುತಲ್ಲ. ಮಂಚ ಇದ್ದಲ್ಲೇ ಇರುತ್ತದೆ, ಜನ ಬದಲಾಗುತ್ತಾರೆ.

ಮತ್ತೆ, ಇದನ್ನು ಬರೆದು ಕೊಡು. ಕೂದಲೆಳೆಯಲ್ಲಿ ತಪ್ಪಿದ ಅನಾಹುತಕ್ಕೆ ನಿಯರ್ ಮಿಸ್ ಅಂತಲೇ ಫಾರಂ ಇರುತ್ತದೆ.

ರಾತ್ರಿ ಪಾಳಿ

ಸಿಸ್ಟರ್ ಮೇಲೆ ಗೌರವ ಇದೆ. ಆದರೆ ಹೊಸಬರಿಗೆ ಈ ಸಲಹೆ ಕೊಡಬೇಡಿ. ಯಾರಿಗೂ ಏನೂ ಆಗಿಲ್ಲ. ತರಬೇತಿಯಲ್ಲಿರುವವಳು ತಾನಾಗಿ ಬರೆದುಕೊಟ್ಟರೆ ನಾಳೆಯಿಂದ ಅವಳ ಹೆಸರು ಮೀಟಿಂಗ್‌ನಲ್ಲಿ ಓಡಾಡುತ್ತದೆ. ಹನ್ನೊಂದು ವರ್ಷದಿಂದ ನೋಡುತ್ತಿದ್ದೇನೆ. ಸುಮ್ನೆ ಪಾಠ ಕಲಿತು ಮುಂದೆ ಹೋಗಲಿ.

ಪಾಠ ಹೇಳುವವಳು

ವರದಿಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಓದುವ ವಿಷಯ.

ಹೊಸ ಕೈ, ನೀವು ಪುಸ್ತಕವನ್ನು ಮುಂದಿನಿಂದ ಹಿಂದಕ್ಕೆ ಓದುತ್ತಿದ್ದೀರಿ. ನಿಮ್ಮ ಕೆಲಸಕ್ಕೆ ಚಾರ್ಟಿನಿಂದ ಪುಸ್ತಕಕ್ಕೆ ಬರುವುದು ಒಳ್ಳೆಯದು. ನೀವು ನೋಡಿಕೊಳ್ಳುವ ಒಬ್ಬರನ್ನು ಹಿಡಿಯಿರಿ. ಅವರ ಚಾರ್ಟಿನಲ್ಲಿ ಏಳು ಔಷಧ ಇದೆ ಅಂದುಕೊಳ್ಳಿ. ದಿನಕ್ಕೆ ಒಂದು. ನೋಟ್ ಪುಸ್ತಕದಲ್ಲಿ ಒಂದು ಪುಟ. ಇವರಿಗೆ ಇದು ಯಾಕೆ? ಮೈಯಲ್ಲಿ ಏನು ಮಾಡುತ್ತದೆ? ಜಾಸ್ತಿಯಾದರೆ ನನ್ನ ಕಣ್ಣಿಗೆ ಏನು ಕಾಣುತ್ತದೆ? ಕೊಡುವ ಮುಂಚೆ ಏನು ನೋಡಬೇಕು? ರೋಗಿಯ ಹೆಸರು ಬರೆಯಬೇಡಿ, ಔಷಧದ ಹೆಸರು ಸಾಕು. ಇಪ್ಪತ್ತು ಪುಟ ಆಗುವಷ್ಟರಲ್ಲಿ ಅಗೊನಿಸ್ಟ್, ಆಂಟಗೊನಿಸ್ಟ್ ತಾನಾಗಿ ಅರ್ಥವಾಗುತ್ತದೆ. ರಿಸೆಪ್ಟರ್ ಅಂದರೆ ಜೀವಕೋಶದ ಬೀಗ. ಆ ಬೀಗಕ್ಕೆ ಸರಿಯಾಗಿ ಕೂತು ತೆರೆಯುವ ಕೀಲಿ ಅಗೊನಿಸ್ಟ್. ಬೀಗದೊಳಗೆ ಸಿಕ್ಕಿಕೊಂಡು ತಾನೂ ತೆರೆಯದೆ ಬೇರೆ ಕೀಲಿಗೂ ಜಾಗ ಕೊಡದ್ದು ಆಂಟಗೊನಿಸ್ಟ್. ಅಷ್ಟೇ.

ಹೆಸರಿನ ಬಾಲ ನೋಡುವುದನ್ನೂ ಕಲಿಯಿರಿ. "ಒಲಾಲ್" ಅಂತ ಮುಗಿದರೆ ಬೀಟಾ ಬ್ಲಾಕರ್: ಅಟೆನೊಲಾಲ್, ಮೆಟೊಪ್ರೊಲಾಲ್. ನಾಡಿ ನಿಧಾನ ಮಾಡುತ್ತದೆ. "ಪ್ರಿಲ್" ಆದರೆ ಬಿಪಿಗೆ, ಕೆಲವರಿಗೆ ಬಿಡದ ಒಣ ಕೆಮ್ಮು ತರುತ್ತದೆ. ಆ ಕೆಮ್ಮಿಗೆ ಸಿರಪ್ ಕುಡಿಸಿ ಏನೂ ಪ್ರಯೋಜನವಿಲ್ಲ, ವೈದ್ಯರಿಗೆ ಹೇಳಿದರೆ "ಸಾರ್ಟನ್" ಬಾಲದ್ದಕ್ಕೆ ಬದಲಿಸಬಹುದು. ಆದರೆ ಬಾಲವನ್ನು ಕುರುಡಾಗಿ ನಂಬಬೇಡಿ. ಅಟೊರ್ವಾಸ್ಟಾಟಿನ್ ಕೊಲೆಸ್ಟ್ರಾಲ್‌ಗೆ, ನಿಸ್ಟಾಟಿನ್ ಬಾಯಿಯ ಫಂಗಸ್‌ಗೆ. ಒಮೆಪ್ರಜೋಲ್ ಹೊಟ್ಟೆಯ ಆಸಿಡ್‌ಗೆ, ಅರಿಪಿಪ್ರಜೋಲ್ ಮಾನಸಿಕ ಕಾಯಿಲೆಗೆ. ಪ್ರತಿ ಬ್ಯಾಚಿನಲ್ಲೂ ಇದಕ್ಕೆ ಒಬ್ಬರಾದರೂ ಬೀಳುತ್ತಾರೆ.

ಈಗ ನಿಮ್ಮ ಗ್ಲಿಬೆನ್‌ಕ್ಲಮೈಡ್ ಪುಟಕ್ಕೆ ಒಂದು ಸಾಲು ಸೇರಿಸಿ. ಶುಗರ್ ಇಳಿದಾಗ ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ ಅಂತ ನಾವು ಕಾಯುತ್ತೇವೆ. ಅದೇ ವ್ಯಕ್ತಿ ಬೀಟಾ ಬ್ಲಾಕರ್ ತೆಗೆದುಕೊಳ್ಳುತ್ತಿದ್ದರೆ ಈ ಎರಡೂ ಮರೆಯಾಗಬಹುದು. ಬೆವರು ಮಾತ್ರ ಉಳಿಯುತ್ತದೆ. ಫ್ಯಾನಿನ ಕೆಳಗೆ ಕೂತು ಬೆವರುತ್ತಿರುವ ಅಜ್ಜನನ್ನು ಕಂಡರೆ "ಸೆಕೆ ಇರಬೇಕು" ಅನ್ನಬೇಡಿ. ಗ್ಲೂಕೋಮೀಟರ್ ತನ್ನಿ.

ಹೊಸ ಕೈ

ಮೇಡಂ, ಬೀಗ ಕೀಲಿ ವಿಷಯ ನಾಲ್ಕು ತಿಂಗಳಿಂದ ಯಾರೂ ಹೀಗೆ ಹೇಳಿರಲಿಲ್ಲ. ಇವತ್ತೇ ನೋಟ್ ಪುಸ್ತಕ ಶುರು ಮಾಡುತ್ತೇನೆ.

ಮನೆ ಆರೈಕೆ

ನಾನು ಮನೆಗೆ ಹೋಗಿ ಒಬ್ಬರನ್ನೇ ನೋಡಿಕೊಳ್ಳುವವಳು. ನಿಮಗೆಲ್ಲ ಪಕ್ಕದಲ್ಲಿ ಕೇಳಲು ನರ್ಸ್ ಇದ್ದಾರೆ, ನನಗೆ ಗೋಡೆ. ಅಜ್ಜನಿಗೆ ಸ್ಟ್ರೋಕ್ ಆದ ಮೇಲೆ ನುಂಗುವುದು ಕಷ್ಟ. ಮಗ "ಎಲ್ಲಾ ಮಾತ್ರೆ ಪುಡಿ ಮಾಡಿ ಊಟದಲ್ಲಿ ಕಲಸಿಬಿಡಿ, ಗೊತ್ತೇ ಆಗಲ್ಲ" ಅನ್ನುತ್ತಾರೆ. ಒಂದು ವಾರದಿಂದ ಹಾಗೇ ಮಾಡುತ್ತಿದ್ದೇನೆ. ಸರೀನಾ?

ಔಷಧಿ ಕೌಂಟರ್

ಅಕ್ಕ, ಇವತ್ತು ರಾತ್ರಿಯ ಮಾತ್ರೆಗೆ ಮುಂಚೆಯೇ ಔಷಧ ಕೊಟ್ಟ ಫಾರ್ಮಸಿಸ್ಟ್‌ಗೆ ಅಥವಾ ವೈದ್ಯರಿಗೆ ಫೋನ್ ಮಾಡಿ. ಎಲ್ಲ ಹೆಸರನ್ನೂ ಓದಿ ಹೇಳಿ. ನಾನೂ ಫಾರ್ಮಸಿಸ್ಟೇ, ಆದರೆ ಪಟ್ಟಿ ನೋಡದೆ ಇಲ್ಲಿಂದಲೇ ಹೂಂ ಅನ್ನಲಾರೆ. ಯಾಕೆ ಅಂತ ಮಾತ್ರ ಹೇಳುತ್ತೇನೆ.

ಸ್ಟ್ರಿಪ್ ಮೇಲೆ ಹೆಸರಿನ ಪಕ್ಕ ಎಸ್‌ಆರ್, ಇಆರ್, ಎಕ್ಸ್‌ಎಲ್, ಸಿಆರ್ ಅಂತ ಇದೆಯಾ ನೋಡಿ. ಇದ್ದರೆ ಅದು ನಿಧಾನಕ್ಕೆ ಬಿಡುವ ಮಾತ್ರೆ. ಹನ್ನೆರಡೋ ಇಪ್ಪತ್ನಾಲ್ಕೋ ಗಂಟೆಗೆ ಹಂಚಿ ಬಿಡಬೇಕಾದ ಔಷಧ ಒಂದೇ ಗುಳಿಗೆಯಲ್ಲಿದೆ. ಪುಡಿ ಮಾಡಿದರೆ ಅಷ್ಟೂ ಒಟ್ಟಿಗೆ ಮೈಗೆ ಸುರಿಯುತ್ತದೆ. ಬಿಪಿ ಮಾತ್ರೆಯಾದರೆ ಬಿಪಿ ಕುಸಿಯುತ್ತದೆ. ಮಾರ್ಫಿನ್ ಆದರೆ ಉಸಿರೇ ನಿಲ್ಲಬಹುದು. ಹೊಟ್ಟೆಯ ಆಸಿಡ್‌ನಲ್ಲಿ ಕರಗದ ಹಾಗೆ ಲೇಪ ಹಾಕಿದ ಮಾತ್ರೆಗಳೂ ಇವೆ. ಪುಡಿಯಾದರೆ ಆ ಲೇಪ ಹೋಯಿತು, ಒಂದೋ ಔಷಧ ಹಾಳಾಗುತ್ತದೆ, ಇಲ್ಲವೇ ಹೊಟ್ಟೆ ಸುಡುತ್ತದೆ. ಕ್ಯಾನ್ಸರ್‌ಗೆ, ಕೀಲುವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ತರಹದ್ದನ್ನು ಕುಟ್ಟಿದರೆ ಆ ಧೂಳು ನಿಮ್ಮ ಮೂಗಿಗೂ ಹೋಗುತ್ತದೆ. ಅದನ್ನು ಮುಟ್ಟುವುದಕ್ಕೇ ಗ್ಲೌಸ್ ಬೇಕು.

ಬೇರೆ ದಾರಿ ತುಂಬಾ ಸಲ ಇರುತ್ತದೆ. ಸಿರಪ್, ನೀರಲ್ಲಿ ಕರಗುವ ಮಾತ್ರೆ, ಪ್ಯಾಚ್. ಕೇಳಿದರೆ ಸಿಗುತ್ತದೆ, ಕೇಳದಿದ್ದರೆ ಯಾರೂ ತಂದುಕೊಡುವುದಿಲ್ಲ. ನುಂಗುವ ಕಷ್ಟದ ವಿಷಯ ವೈದ್ಯರಿಗೆ ಗೊತ್ತಿದೆಯೇ ಅನ್ನುವುದೇ ನನಗೆ ಅನುಮಾನ.

ಹಳೇ ಸಿಸ್ಟರ್

"ಗೊತ್ತೇ ಆಗಲ್ಲ" ಅನ್ನುವ ಮಾತಿಗೆ ನನ್ನದೊಂದು. ಅಜ್ಜನಿಗೆ ತಿಳಿದು ಊಟದ ಜೊತೆ ಕೊಟ್ಟರೆ ಅದು ಸಹಾಯ. ತಿಳಿಯದ ಹಾಗೆ ಬಚ್ಚಿಟ್ಟು ಕೊಟ್ಟರೆ ಬೇರೆಯೇ ವಿಷಯ. ಬುದ್ಧಿ ಸ್ಥಿಮಿತದಲ್ಲಿರುವವರು ಬೇಡ ಅಂದರೆ ಬೇಡ ಅಷ್ಟೇ, ಬರೆದಿಡು, ತಿಳಿಸು. ನಿರ್ಧಾರ ಮಾಡುವ ಶಕ್ತಿ ಇಲ್ಲದವರ ವಿಷಯವಾದರೆ ವೈದ್ಯರು, ಮನೆಯವರು, ಫಾರ್ಮಸಿಸ್ಟ್ ಕೂತು ಮಾತಾಡಿ ಲಿಖಿತವಾಗಿ ತೀರ್ಮಾನಿಸಬೇಕು. ನಿನ್ನ ತಲೆ ಮೇಲೆ ಅದನ್ನು ಹೊತ್ತುಕೊಳ್ಳಬೇಡ.

ಮನೆ ಆರೈಕೆ

ಫೋನ್ ಮಾಡಿದೆ. ಆರರಲ್ಲಿ ಎರಡು ಪುಡಿ ಮಾಡಲೇಬಾರದ್ದು. ಒಂದು ಎಸ್‌ಆರ್ ಅಂತ ಸ್ಟ್ರಿಪ್ ಮೇಲೇ ಇತ್ತು. ವಾರದಿಂದ ಮಧ್ಯಾಹ್ನ ಎದ್ದರೆ ತಲೆ ಸುತ್ತು ಅನ್ನುತ್ತಿದ್ದರು, ಸ್ಟ್ರೋಕಿನದ್ದೇ ಅಂದುಕೊಂಡಿದ್ದೆ. ಕೂತಾಗ ಮತ್ತು ನಿಂತಾಗ ಬಿಪಿ ನೋಡಿ ಬರೆದಿಡಿ, ನಾಳೆ ಕರೆದುಕೊಂಡು ಬನ್ನಿ ಅಂದಿದ್ದಾರೆ. ಈಗ ಏನು ಹೇಳಬೇಕೋ ತಿಳಿಯುತ್ತಿಲ್ಲ.

ಔಷಧಿ ಕೌಂಟರ್

ಕೇಳಿದಿರಲ್ಲ. ಇನ್ನೊಂದು, ಸಿರಪ್ ಬಂದರೆ ಅಡುಗೆ ಮನೆಯ ಚಮಚದಲ್ಲಿ ಅಳೆಯಬೇಡಿ. ಒಂದೊಂದು ಚಮಚ ಒಂದೊಂದು ಅಳತೆ. ಬಾಟಲಿ ಜೊತೆ ಬರುವ ಅಳತೆ ಕಪ್ ಅಥವಾ ಬಾಯಿಗೆ ಹಾಕುವ ಸಿರಿಂಜ್ ಬಳಸಿ. ಬಾಟಲಿ ಅಲುಗಾಡಿಸಬೇಕು ಅಂತ ಬರೆದಿದ್ದರೆ ನಿಜವಾಗಿಯೂ ಅಲುಗಾಡಿಸಿ. ಫಿಟ್ಸ್ ತಡೆಯಲು ಕೊಡುವ ಫೆನಿಟಾಯಿನ್ ಸಸ್ಪೆನ್ಶನ್ ಅಲುಗಾಡಿಸದೆ ಕೊಟ್ಟರೆ ಮೊದಲ ದಿನಗಳಲ್ಲಿ ಔಷಧ ಕಡಿಮೆ, ಬಾಟಲಿಯ ತಳಕ್ಕೆ ಬಂದಾಗ ಜಾಸ್ತಿ. ಮೊದಲು ಫಿಟ್ಸ್, ಆಮೇಲೆ ವಿಷ.

ಹೊಸ ಕೈ

ಲೆಕ್ಕದ ವಿಷಯ ಬಂತಲ್ಲ, ಕೇಳಿಬಿಡುತ್ತೇನೆ. ನಾನು ಗಣಿತದಲ್ಲಿ ದಡ್ಡಿ. ಡೋಸ್ ಲೆಕ್ಕ ಬಂದರೆ ಬೆರಳು ನಡುಗುತ್ತದೆ.

ಪಾಠ ಹೇಳುವವಳು

ಬೇಕಾದದ್ದನ್ನು ಇರುವುದರಿಂದ ಭಾಗಿಸಿ, ಅದು ಎಷ್ಟು ಮಿ.ಲೀ.ನಲ್ಲಿದೆಯೋ ಅದರಿಂದ ಗುಣಿಸಿ. ಚೀಟಿಯಲ್ಲಿ 400 ಮಿ.ಗ್ರಾಂ. ಬಾಟಲಿ ಮೇಲೆ 5 ಮಿ.ಲೀ.ಗೆ 250 ಮಿ.ಗ್ರಾಂ. 400 ಭಾಗಿಸು 250, ಅಂದರೆ 1.6. ಗುಣಿಸು 5. 8 ಮಿ.ಲೀ. ಆದರೆ ಲೆಕ್ಕ ಮಾಡುವ ಮುಂಚೆ ಅಂದಾಜು ಮಾಡಿ: 250ಕ್ಕೆ 5 ಆದರೆ 500ಕ್ಕೆ 10. ಹಾಗಾದರೆ 400ಕ್ಕೆ ಉತ್ತರ 5ಕ್ಕಿಂತ ಜಾಸ್ತಿ, 10ಕ್ಕಿಂತ ಕಡಿಮೆ ಇರಲೇಬೇಕು. ಕ್ಯಾಲ್ಕುಲೇಟರ್ 80 ಅಂತ ತೋರಿಸಿದರೆ ಬೆರಳು ತಪ್ಪಿದೆ ಅಂತ ಅರ್ಥ. ಒಂದು ಡೋಸ್‌ಗೆ ಅರ್ಧ ಬಾಟಲಿ ಖಾಲಿಯಾಗುತ್ತಿದ್ದರೆ ನಿಲ್ಲಿಸಿ, ಇನ್ನೊಬ್ಬರನ್ನು ಕರೆಯಿರಿ. ಅವರು ನಿಮ್ಮ ಉತ್ತರ ನೋಡದೆ ತಾವೇ ಲೆಕ್ಕ ಮಾಡಲಿ. ನೋಡಿ ಮಾಡಿದರೆ ತಲೆಯಾಡಿಸಿ ಹೋಗುತ್ತಾರೆ.

ಚುಕ್ಕಿಯ ಬಗ್ಗೆ ಎರಡು ನಿಯಮ. ಅರ್ಧ ಮಿ.ಗ್ರಾಂ ಅಂದರೆ 0.5 ಅಂತ ಸೊನ್ನೆ ಹಾಕಿಯೇ ಬರೆಯಬೇಕು, ಬರೀ ಚುಕ್ಕಿ ಐದು ಅಂತ ಬರೆದರೆ ಚುಕ್ಕಿ ಮಾಸಿ 5 ಆಗುತ್ತದೆ. ಒಂದನ್ನು 1 ಅಂತಲೇ ಬರೆಯಬೇಕು, 1.0 ಅಂತಲ್ಲ, 10 ಆಗುತ್ತದೆ. ಹತ್ತು ಪಟ್ಟು ತಪ್ಪು ಹೀಗೇ ಹುಟ್ಟುವುದು.

ಇನ್ಸುಲಿನ್‌ಗೆ ಈ ಸೂತ್ರದ ಕೆಲಸವಿಲ್ಲ. ನಮ್ಮಲ್ಲಿ 1 ಮಿ.ಲೀ.ಗೆ 40 ಯೂನಿಟ್ ಇರುವ ಇನ್ಸುಲಿನ್ ಬಾಟಲಿಯೂ ಸಿಗುತ್ತದೆ, 100 ಯೂನಿಟ್ ಇರುವುದೂ ಸಿಗುತ್ತದೆ. ಆ ಬಾಟಲಿಗೆ ಹೊಂದುವ, ಯೂನಿಟ್ ಗೀಟು ಇರುವ ಇನ್ಸುಲಿನ್ ಸಿರಿಂಜ್ ಬಿಟ್ಟು ಬೇರೆ ಸಿರಿಂಜ್ ಮುಟ್ಟಬೇಡಿ. ಯೂನಿಟ್ ಅನ್ನುವುದನ್ನು ಪೂರ್ತಿ ಬರೆಯಿರಿ. ಇಂಗ್ಲಿಷಿನ ಯು ಅಕ್ಷರ ಒಂದನ್ನೇ ಅವಸರದಲ್ಲಿ ಗೀಚಿದರೆ ಸೊನ್ನೆಯ ಹಾಗೆ ಕಾಣುತ್ತದೆ, 4 ಹೋಗಿ 40.

ಹಳೇ ಸಿಸ್ಟರ್

ಊಟದ ಮುಂಚಿನ ಇನ್ಸುಲಿನ್ ಆದರೆ ಊಟದ ತಟ್ಟೆ ಎದುರಿಗೆ ಬಂದಿದೆಯಾ ನೋಡು. "ಬರ್ತಾ ಇದೆ" ಅನ್ನುವುದನ್ನು ನಂಬಬೇಡ. ಚುಚ್ಚಿ ಆದ ಮೇಲೆ ಅಡುಗೆಯವರು ಅರ್ಧ ಗಂಟೆ ತಡ ಅಂದರೆ ನೀನು ಓಡಬೇಕಾಗುತ್ತದೆ. ಒಬ್ಬರ ಪೆನ್ ಇನ್ನೊಬ್ಬರಿಗೆ ಇಲ್ಲ, ಸೂಜಿ ಬದಲಿಸಿದರೂ ಇಲ್ಲ, ರಕ್ತ ಒಳಗೆ ಎಳೆದುಕೊಂಡಿರುತ್ತದೆ.

ರಾತ್ರಿ ಪಾಳಿ

ಎರಡು ದಿನದಿಂದ ಓದುತ್ತಾ ಇದ್ದೇನೆ. ನಾನು ಮೊದಲು ಬರೆದದ್ದಕ್ಕೆ ಕಾರಣ ಹೇಳಿಬಿಡುತ್ತೇನೆ.

ನನ್ನ ಮೂರನೇ ವರ್ಷ. ಕ್ಯಾನ್ಸರ್ ಇದ್ದ ಒಬ್ಬರಿಗೆ ಫೆಂಟಾನಿಲ್ ಪ್ಯಾಚ್ (ಮಾರ್ಫಿನ್ ಜಾತಿಯ ಬಲವಾದ ನೋವಿನ ಔಷಧ, ಚರ್ಮಕ್ಕೆ ಅಂಟಿಸುವುದು), 72 ಗಂಟೆಗೊಮ್ಮೆ ಬದಲಿಸಬೇಕು. ರಾತ್ರಿ ಹತ್ತಕ್ಕೆ ಹೊಸದನ್ನು ಎದೆಗೆ ಅಂಟಿಸಿದೆ. ಹಳೆಯದು ಎಲ್ಲಿ ಅಂತ ಹುಡುಕಿದೆ, ಕಾಣಲಿಲ್ಲ. ಸ್ನಾನದಲ್ಲಿ ಬಿದ್ದಿರಬೇಕು ಅಂದುಕೊಂಡೆ. ಅದು ಬೆನ್ನಿನ ಮೇಲೆ, ಭುಜದ ಹಿಂದೆ ಇತ್ತು. ಪಾರದರ್ಶಕ ಪ್ಯಾಚ್, ಬಟ್ಟೆ ಸರಿಸಿ ಟಾರ್ಚ್ ಹಾಕಿದರಷ್ಟೇ ಕಾಣುವುದು. ಬೆಳಗಿನ ಜಾವ ನಾಲ್ಕಕ್ಕೆ ಕರೆದರೆ ಕಣ್ಣು ಬಿಡಲಿಲ್ಲ. ಉಸಿರು ಎಣಿಸಿದೆ, ನಿಮಿಷಕ್ಕೆ ಏಳು. ಕಣ್ಣಿನ ಪಾಪೆ ಗುಂಡುಸೂಜಿ ತಲೆಯಷ್ಟು. ಎರಡೂ ಪ್ಯಾಚ್ ಕಿತ್ತೆ, ಅದರ ಪರಿಣಾಮ ತಡೆಯುವ ನಲೋಕ್ಸೋನ್ ಕೊಟ್ಟರು, ಬದುಕಿದರು. ಕಿತ್ತ ಮೇಲೂ ಬಹಳ ಹೊತ್ತು ಚರ್ಮದೊಳಗೆ ಉಳಿದ ಔಷಧ ರಕ್ತಕ್ಕೆ ಇಳಿಯುತ್ತಲೇ ಇರುತ್ತದೆ ಅಂತ ನನಗೆ ಗೊತ್ತಾದದ್ದು ಆವತ್ತು, ನಲೋಕ್ಸೋನ್ ಇಳಿದು ಅವರು ಮತ್ತೆ ಮಂಪರಿಗೆ ಜಾರಿದಾಗ.

ನಾನೇ ಬರೆದುಕೊಟ್ಟೆ. ಆರು ತಿಂಗಳು ಔಷಧದ ಕೀಲಿ ನನ್ನ ಕೈಗೆ ಕೊಡಲಿಲ್ಲ. ಅವಮಾನ ಅಂದರೆ ಅವಮಾನ. ಆದರೆ ಹಳೇ ಪ್ಯಾಚ್ ಎಲ್ಲಿದೆ ಅಂತ ಬರೆಯುವ ಖಾನೆ ನಮ್ಮ ಚಾರ್ಟಿನಲ್ಲಿ ಇರಲಿಲ್ಲ. ನನ್ನ ವರದಿ ಆದ ಮೇಲೆ ಮೈಯ ಚಿತ್ರ ಇರುವ ಹಾಳೆ ಬಂತು. ಎಲ್ಲಿ ಅಂಟಿಸಿದೆವೋ ಅಲ್ಲಿ ಗುರುತು, ತೆಗೆದದ್ದಕ್ಕೆ ಇಬ್ಬರ ಸಹಿ. ಅದು ನನ್ನಿಂದ ಬಂತು ಅಂತ ಯಾರೂ ಹೇಳಲಿಲ್ಲ. ನಾನೂ ಇಲ್ಲಿಯವರೆಗೆ ಹಾಗೆ ನೋಡಿರಲಿಲ್ಲ.

ಪಾಠ ಹೇಳುವವಳು

ಅಣ್ಣ, ಇದನ್ನು ನನ್ನ ತರಗತಿಯಲ್ಲಿ ಹೇಳಬಹುದಾ? ಹೆಸರಿಲ್ಲದೆ.

ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಔಷಧದಿಂದಾಗುವ, ತಡೆಯಬಹುದಾದ ತೀವ್ರ ಹಾನಿಯನ್ನು ಐದು ವರ್ಷದಲ್ಲಿ ಅರ್ಧಕ್ಕಿಳಿಸುವ ಗುರಿ ಹಾಕಿತ್ತು. ಗುರಿ ದೊಡ್ಡದು. ಆದರೆ ಖಾನೆ ಇಲ್ಲದ ಚಾರ್ಟ್ ಯಾವುದು ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಹೇಳಬೇಕಾದವರು ಟ್ರೇ ಹಿಡಿದವರೇ. ಹಾಗಂತ ಆರು ತಿಂಗಳು ಕೀಲಿ ಕಿತ್ತುಕೊಂಡದ್ದು ಸರಿ ಅನ್ನುತ್ತಿಲ್ಲ. ಅಂಥ ಜಾಗದಲ್ಲಿ ಮುಂದಿನವರು ಯಾಕೆ ಬಾಯಿ ಬಿಡುತ್ತಾರೆ?

ರಾತ್ರಿ ಪಾಳಿ

ಹೇಳಿ ಮೇಡಂ. ಒಂದು ಸೇರಿಸಿ. ಪ್ಯಾಚ್ ಮೇಲೆ ಬಿಸಿನೀರಿನ ಬ್ಯಾಗ್, ಹೀಟಿಂಗ್ ಪ್ಯಾಡ್ ಇಡಬಾರದು, ಔಷಧ ಬೇಗ ಒಳಗಿಳಿಯುತ್ತದೆ. ತೆಗೆದದ್ದನ್ನು ಅಂಟು ಒಳಗೆ ಬರುವ ಹಾಗೆ ಮಡಚಬೇಕು. ಬಳಸಿದ ಪ್ಯಾಚಿನಲ್ಲೂ ಮಗುವಿನ ಜೀವ ತೆಗೆಯುವಷ್ಟು ಔಷಧ ಉಳಿದಿರುತ್ತದೆ.

ಮಾತು ಕಮ್ಮಿ

ಮಾತ್ರೆ ನೋಡಿ ರೋಗಿ "ಇದು ನಂದಲ್ಲ, ನಂದು ಬಿಳಿ" ಅಂದರೆ ಮುಖ್ಯ. ಕಂಪನಿ ಬದಲಾಗಿ ಬಣ್ಣ ಬದಲಾಗಿರಬಹುದು. ಆದರೂ ಮೊದಲು ಚಾರ್ಟ್ ನೋಡಿ, ಆಮೇಲೆ ಸಮಾಧಾನ ಹೇಳಿ. ನಮ್ಮಲ್ಲಿ ಒಂದು ಸಲ ಅಜ್ಜಿಯೇ ಸರಿ ಇದ್ದರು.

ಹೊಸ ಕೈ

ಮೂರು ವಾರ ಆಯಿತು. ಬರೆಯಲು ಆಗಲಿಲ್ಲ, ಪರೀಕ್ಷೆ ಇತ್ತು.

ರಾತ್ರಿ ಪಾಳಿ ಅಣ್ಣ ಬರೆದದ್ದು ಓದಿದ ಮರುದಿನವೇ ನರ್ಸ್ ಹತ್ತಿರ ಹೋಗಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಫೋನಿಗೆ ಹೋಗಬಾರದಿತ್ತು" ಅಂದರು. ಫಾರಂ ಇಬ್ಬರೂ ಸೇರಿ ತುಂಬಿದೆವು. ಈಗ ಚಾರ್ಟಿನ ಮೇಲೆ ಫೋಟೋ ಇದೆ, ಟ್ರೇ ಹಿಡಿದವರನ್ನು ಯಾರೂ ಮಾತಾಡಿಸಬಾರದು ಅಂತ ಮಾಡಿದ್ದಾರೆ. ಕಿಟಕಿ ಪಕ್ಕದ ಅಜ್ಜಿಗೆ ಮೊದಲು ಕಿವಿಯ ಮಷೀನ್, ಆಮೇಲೆ ಮಾತ್ರೆ. ನನ್ನನ್ನು ಯಾರೂ ಬೈಯಲಿಲ್ಲ. ಎಲ್ಲ ಕಡೆ ಹೀಗೇ ಇರಲ್ಲ ಅಂತಲೂ ಗೊತ್ತು.

ನೋಟ್ ಪುಸ್ತಕ 19 ಪುಟ ಆಗಿದೆ. 14ನೇ ಪುಟ ಲೆವೊಥೈರಾಕ್ಸಿನ್, ಥೈರಾಯ್ಡ್ ಮಾತ್ರೆ. ಖಾಲಿ ಹೊಟ್ಟೆಗೆ, ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಯಿಂದ 4 ಗಂಟೆ ದೂರ ಅಂತ ಬರೆಯುವಾಗ ಪೆನ್ ನಿಂತಿತು. ನಮ್ಮ ಒಬ್ಬರಿಗೆ ಬೆಳಗಿನ ಒಂದೇ ಕಪ್‌ನಲ್ಲಿ ಇದನ್ನೂ ಕ್ಯಾಲ್ಸಿಯಂ ಅನ್ನೂ ಹಾಕಿ ಕೊಡುತ್ತಿದ್ದೇವೆ! ಥೈರಾಯ್ಡ್ ಸರಿಹೋಗುತ್ತಿಲ್ಲ ಅಂತ ಡೋಸ್ ಎರಡು ಸಲ ಏರಿಸಿದ್ದಾರೆ. ನರ್ಸ್‌ಗೆ ತೋರಿಸಿದೆ. ಅವರು ವೈದ್ಯರಿಗೆ ಹೇಳಿದರು. ಕ್ಯಾಲ್ಸಿಯಂ ಮಧ್ಯಾಹ್ನದ ಊಟಕ್ಕೆ ಹೋಯಿತು, ಆರು ವಾರ ಬಿಟ್ಟು ಮತ್ತೆ ರಕ್ತ ಪರೀಕ್ಷೆ.

ಔಷಧಿ ಕೌಂಟರ್

ಚೆನ್ನಾಗಿ ಹಿಡಿದಿದ್ದೀರಿ. ಆ ರಕ್ತ ಪರೀಕ್ಷೆ ತಪ್ಪದ ಹಾಗೆ ನೋಡಿಕೊಳ್ಳಿ. ಈಗ ಔಷಧ ಪೂರ್ತಿ ಒಳಗೆ ಹೋಗಲು ಶುರುವಾಗುತ್ತದೆ, ಏರಿಸಿದ ಡೋಸ್ ಜಾಸ್ತಿಯಾಗಬಹುದು. ಎದೆ ಹೊಡೆದುಕೊಳ್ಳುವುದು, ನಿದ್ದೆ ಬರದಿರುವುದು, ತೂಕ ಇಳಿಯುವುದು ಕಂಡರೆ ಆರು ವಾರ ಕಾಯದೆ ತಿಳಿಸಿ.

ಹೊಸ ಕೈ

ಅದು ನನ್ನ ತಲೆಗೆ ಹೊಳೆದಿರಲಿಲ್ಲ ಸರ್. 14ನೇ ಪುಟಕ್ಕೆ ಈಗಲೇ ಸೇರಿಸಿದೆ. ನಾಳೆ ಹೃದಯದ ಮಾತ್ರೆ ಡಿಜಾಕ್ಸಿನ್ ಪುಟ. ಕೊಡುವ ಮುಂಚೆ ನಾಡಿ ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿದರೆ ಆಗುತ್ತಾ?

ಹಳೇ ಸಿಸ್ಟರ್

ಆಗಲ್ಲ. ಪೂರ್ತಿ ಒಂದು ನಿಮಿಷ. ಬಡಿತ ಏರುಪೇರಾಗಿ ಬರುವವರಿಗೇ ಆ ಮಾತ್ರೆ ಕೊಡುವುದು ಜಾಸ್ತಿ. ಅರ್ಧ ನಿಮಿಷದ್ದು ಸುಳ್ಳು ಹೇಳುತ್ತದೆ. 60ಕ್ಕಿಂತ ಕಡಿಮೆ ಇದ್ದರೆ ಕೊಡದೆ ತಡೆದು ನರ್ಸ್‌ಗೆ ಹೇಳು. ಊಟ ಸೇರುತ್ತಿಲ್ಲ, ವಾಕರಿಕೆ, ಎಲ್ಲ ಹಳದಿ ಕಾಣುತ್ತದೆ ಅಂದರೂ ಹೇಳು. ಪರೀಕ್ಷೆ ಹೇಗಾಯ್ತು ಅಂತ ಹೇಳಲೇ ಇಲ್ಲವಲ್ಲ?

ಹೊಸ ಕೈ

ಅಗೊನಿಸ್ಟ್ ಪ್ರಶ್ನೆ ಬಂದಿತ್ತು ಸಿಸ್ಟರ್. ಬೀಗ, ಕೀಲಿ ಚಿತ್ರ ಬರೆದು ಬಂದೆ. ಫಲಿತಾಂಶ ಇನ್ನೂ ಬಂದಿಲ್ಲ.